ಎಂಟು ಪೌಂಡ್ ವೈನ್‌ಗೆ ಶುಕ್ರವಾರ ಕೊಟ್ಟ ಅಂಕ ಶನಿವಾರ ಯಾಕೆ ತಲೆಕೆಳಗಾಯಿತು?

ಸಕಲೇಶಪುರದವ (ಲೀಡ್ಸ್):

ನಮಸ್ಕಾರ ಎಲ್ಲರಿಗೂ. ಊರು ಸಕಲೇಶಪುರದ ಹತ್ತಿರ, ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಆರು ವರ್ಷ ಆಯಿತು. ವೈನ್ ಬಗ್ಗೆ ಓದಿಕೊಂಡವನಲ್ಲ, ಎರಡು ವರ್ಷದಿಂದ ಆಸೆಪಟ್ಟು ಕಲಿಯುತ್ತಿದ್ದೇನೆ. ಒಂದು ವಿಷಯ ತಲೆ ಕೊರೆಯುತ್ತಿದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಕಳೆದ ತಿಂಗಳು ಒಂದು ಆನ್‌ಲೈನ್ ಅಂಗಡಿಯಿಂದ 12 ಬಾಟಲಿಯ ಮಿಶ್ರ ಕೇಸ್ ತರಿಸಿದೆ. ಒಟ್ಟು 96 ಪೌಂಡ್, ಬಾಟಲಿಗೆ 8 ಬಿತ್ತು. ನಾನು, ನನ್ನ ಹೆಂಡತಿ, ಪಕ್ಕದ ಬೀದಿಯಲ್ಲಿರುವ ಧಾರವಾಡದ ಅಣ್ಣ ಮತ್ತು ಅಕ್ಕ, ನಾಲ್ಕು ಜನ ಕೂತು ರುಚಿ ನೋಡಿ 20ಕ್ಕೆ ಅಂಕ ಹಾಕೋಣ ಅಂದುಕೊಂಡೆವು. ಇಷ್ಟವಾದದ್ದನ್ನು ಮಾತ್ರ ಮತ್ತೆ ತರಿಸುವುದು ಅಂತ ಲೆಕ್ಕ.

ಮೊದಲ ಶುಕ್ರವಾರ ಆರು ಬಾಟಲಿ. ನನ್ನ ಹೆಂಡತಿ ಅಡುಗೆಮನೆಯಲ್ಲಿ ಒಂದೊಂದನ್ನೂ ಕಂದು ಕಾಗದದ ಚೀಲದಲ್ಲಿ ಸುತ್ತಿದಳು. ಅವಳಿಗೂ ಗೊತ್ತಾಗಬಾರದಲ್ಲ, ಅದಕ್ಕೆ ಅಕ್ಕ ಒಬ್ಬರೇ ಒಳಗೆ ಹೋಗಿ ಚೀಲಗಳನ್ನು ಹಿಂದುಮುಂದು ಮಾಡಿ ನಂಬರ್ ಬರೆದರು. ಗ್ಲಾಸಿಗೆ ಎರಡು ಬೆರಳು ಅಗಲದಷ್ಟು ಮಾತ್ರ. ನಡುವೆ ನೀರು, ಸಪ್ಪೆ ಬ್ರೆಡ್.

ದಕ್ಷಿಣ ಆಸ್ಟ್ರೇಲಿಯಾದ ಕೆಂಪು ಶಿರಾಜ್‌ಗೆ (14.5 ಶೇಕಡಾ ಆಲ್ಕೋಹಾಲ್) ನಾಲ್ವರೂ ಕಣ್ಣುಮುಚ್ಚಿ ಜಾಸ್ತಿ ಕೊಟ್ಟೆವು, ಸರಾಸರಿ 16. ಬಾಯಿ ತುಂಬುವ ರುಚಿ, ಕಳಿತ ನೇರಳೆ ಹಣ್ಣಿನ ಹಾಗೆ. ಸ್ಪೇನಿನ ಕಾಂಪೊ ದೆ ಬೋರ್ಹಾದ ಕೆಂಪು ಗಾರ್ನಾಚಾ, ದಕ್ಷಿಣ ಆಫ್ರಿಕಾದ ಬಿಳಿ ಶೆನಿನ್ ಬ್ಲಾಂಕ್, ಪೋರ್ಚುಗಲ್‌ನ ಅಲೆಂತೆಜು ಪ್ರದೇಶದ ಕೆಂಪು, ಮೂರಕ್ಕೂ 14ರ ಆಸುಪಾಸು. ಚಿಲಿಯ ಕೆಂಪು ಕಾರ್ಮೆನೇರ್ ಮೂಗಿಗೆ ಹಿಡಿದ ಕೂಡಲೇ ಅಣ್ಣ ‘ಇದೇನಿದು, ದೊಣ್ಣೆ ಮೆಣಸಿನಕಾಯಿ ಹೆಚ್ಚಿದಂಗ ಐತಿ’ ಅಂದರು. ಅದಕ್ಕೆ 11. ಕೊನೆಗೆ ಜರ್ಮನಿಯ ಮೋಸೆಲ್ ಕಣಿವೆಯ ಬಿಳಿ ರೀಸ್ಲಿಂಗ್. ಅರೆಸಿಹಿ, ಬರೀ 9 ಶೇಕಡಾ ಆಲ್ಕೋಹಾಲ್, ನಾಲ್ಕು ವರ್ಷ ಹಳೆಯದು. ನನಗೆ ನೇರ ಅಜ್ಜಿ ಮನೆಯ ಸೀಮೆಎಣ್ಣೆ ಬುಡ್ಡಿ ನೆನಪಾಯಿತು. ಅದಕ್ಕೆ ಎಲ್ಲಕ್ಕಿಂತ ಕಡಿಮೆ, 10.

ಉಳಿದದ್ದಕ್ಕೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟೆವು. ಮಾರನೇ ದಿನ ಊಟಕ್ಕೆ ನಮ್ಮ ಕಡೆ ಕೋಳಿ ಸಾರು, ಅಕ್ಕಿ ರೊಟ್ಟಿ. ಅಣ್ಣ ಅಕ್ಕ ಮಾಂಸ ತಿನ್ನುವುದಿಲ್ಲ, ಅವರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಂದಿದ್ದರು. ಸುಮ್ನೆ ಇನ್ನೊಂದು ಸಲ ಅಂಕ ಹಾಕೋಣ ಅಂತ ಕೂತರೆ, ಶಿರಾಜ್ 10ಕ್ಕೆ ಇಳಿಯಿತು! ಸಾರಿನ ಖಾರದ ಜೊತೆ ಗಂಟಲು ಉರಿಯಿತು. ರೀಸ್ಲಿಂಗ್ 16 ಆಯಿತು. ಕಾರ್ಮೆನೇರ್ ಎಣ್ಣೆಗಾಯಿಗೆ ಎಷ್ಟು ಚೆನ್ನಾಗಿ ಹೊಂದಿತು ಅಂದರೆ, ಅಣ್ಣ ಎರಡನೇ ಸಲ ಹಾಕಿಸಿಕೊಂಡರು. ಅದಕ್ಕೆ 14.

ಇನ್ನೊಂದು ಹೇಳಬೇಕು. ಎರಡನೇ ವಾರ ಒಂದು ಕೆಂಪು ವೈನ್‌ನ ಬೆಲೆಯನ್ನು ಮೊದಲೇ ನೋಡಿಬಿಟ್ಟಿದ್ದೆ. ಅಂಗಡಿಯ ಪುಟದಲ್ಲಿ 14.99 ಅಂತ ಬರೆದು ಗೆರೆ ಎಳೆದು, ಕೆಳಗೆ 8.99 ಅಂತ ಹಾಕಿದ್ದರು. ಅದಕ್ಕೆ ನಾನು 17 ಕೊಟ್ಟೆ. ಎರಡು ದಿನ ಬಿಟ್ಟು ಹೆಂಡತಿ ಅದೇ ವೈನ್‌ನ ಇನ್ನೊಂದು ಬಾಟಲಿಯನ್ನು ಚೀಲದಲ್ಲಿ ಸುತ್ತಿ ಕೊಟ್ಟಳು. 12 ಬರೆದೆ. ನನ್ನ ಕೈಬರಹದಲ್ಲೇ ಇರುವ ಎರಡು ಅಂಕ ನೋಡಿ ಬೇಜಾರಾಯಿತು.

ಈಗ ನನ್ನ ಪ್ರಶ್ನೆ. ಯಾವ ದಿನದ ಅಂಕವನ್ನು ನಂಬಬೇಕು? ಅಂಕ ಹಾಕುವ ಸರಿಯಾದ ರೀತಿ ಅಂತ ಇದೆಯಾ? ಮತ್ತೆ 8ರ ಬದಲು 10 ಪೌಂಡ್ ಕೊಟ್ಟರೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತದಾ?

ಕಳಸದವಳು (ಲಂಡನ್):

ನಿಮ್ಮ ಬರಹ ಓದಿ ಖುಷಿಯಾಯಿತು ಸರ್. ನಾನು ಇಲ್ಲಿ ಒಂದು ವೈನ್ ಅಂಗಡಿಯಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನೀವು ಮಾಡಿದ್ದು ಸರಿಯಾಗಿಯೇ ಇದೆ. ಎರಡು ದಿನದ ಅಂಕವೂ ನಿಜ, ಆದರೆ ಎರಡೂ ಬೇರೆ ಬೇರೆ ಪ್ರಶ್ನೆಗೆ ಸಿಕ್ಕಿದ ಉತ್ತರ.

ಸಾಲಾಗಿ ಆರು ವೈನ್ ಇಟ್ಟು ಒಂದೊಂದು ಗುಟುಕು ನೋಡಿದರೆ ದಪ್ಪಗಿರುವುದು, ಹಣ್ಣಿನ ರುಚಿ ಜಾಸ್ತಿ ಇರುವುದು, ಆಲ್ಕೋಹಾಲ್ ಜಾಸ್ತಿ ಇರುವುದು ಗೆಲ್ಲುತ್ತದೆ. ತೆಳುವಾದದ್ದು ಅದರ ಪಕ್ಕದಲ್ಲಿ ಸಪ್ಪೆ ಅನ್ನಿಸುತ್ತದೆ. ಅದರಲ್ಲೂ ರೀಸ್ಲಿಂಗ್ ಅನ್ನು ನೀವು ಕೆಂಪು ವೈನ್‌ಗಳ ಆದಮೇಲೆ ಕುಡಿದಿದ್ದೀರಿ. ಹಗುರದ್ದು ಮೊದಲು, ಭಾರದ್ದು ಆಮೇಲೆ ಇರಲಿ. ಚೀಲ ಸುತ್ತುವ ಮೊದಲು ಬಿಳಿ, ಕೆಂಪು ಅಂತ ಎರಡು ಗುಂಪು ಮಾಡಿದರೆ ಸಾಕು.

ಖಾರದ ವಿಷಯ. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ. ಕೆಂಪು ವೈನ್‌ನ ಟ್ಯಾನಿನ್ (ಬಾಯಿ ಒಣಗಿಸಿ ಹಿಡಿಯುವ ವಸ್ತು) ಕೂಡ ಖಾರದ ಮುಂದೆ ಒರಟಾಗುತ್ತದೆ. ಸ್ವಲ್ಪ ಸಿಹಿ, ಹುಳಿ, ತಣ್ಣಗಿರುವುದು ಉರಿ ಆರಿಸುತ್ತದೆ. ನಿಮ್ಮ 14.5 ಶೇಕಡಾ ಶಿರಾಜ್ ಸೋತು ರೀಸ್ಲಿಂಗ್ ಗೆದ್ದದ್ದು ಅದಕ್ಕೇ. ಸೀಮೆಎಣ್ಣೆ ವಾಸನೆಗೆ ಹೆದರಬೇಡಿ, ವಯಸ್ಸಾದ ರೀಸ್ಲಿಂಗ್‌ಗೆ ಅದು ಸಹಜ. ಕಾರ್ಮೆನೇರ್‌ನ ದೊಣ್ಣೆ ಮೆಣಸಿನಕಾಯಿ ವಾಸನೆಯೂ ಅಷ್ಟೆ. ಪೈರಜೀನ್ ಅನ್ನುವ ವಸ್ತುವಿನಿಂದ ಬರುತ್ತದೆ, ನಿಜವಾದ ದೊಣ್ಣೆ ಮೆಣಸಿನಕಾಯಿಯಲ್ಲೂ ಅದೇ ಇರುವುದು. ನಿಮ್ಮ ಅಣ್ಣನ ಮೂಗು ಚೆನ್ನಾಗಿದೆ! ಚಿಲಿಯವರು ಈ ಬಳ್ಳಿಯನ್ನು ಎಷ್ಟೋ ಕಾಲ ಮೆರ್ಲೋ ಅನ್ನುವ ಬೇರೆ ದ್ರಾಕ್ಷಿ ಅಂತಲೇ ತಿಳಿದಿದ್ದರು. 1994ರಲ್ಲಿ ಫ್ರಾನ್ಸಿನ ತಜ್ಞ ಜಾನ್ ಮಿಶೆಲ್ ಬುರ್ಸಿಕೊ ಅದು ಕಾರ್ಮೆನೇರ್ ಅಂತ ಗುರುತಿಸಿದರು.

ಬೆಲೆಯ ಪ್ರಶ್ನೆ ನನಗೆ ತುಂಬಾ ಮುಖ್ಯ. ಈ ಲೆಕ್ಕ ತಿಳಿದ ಮೇಲೆ ನಾನು ಕೊಳ್ಳುವ ರೀತಿಯೇ ಬದಲಾಯಿತು. ಇಲ್ಲಿ ವೈನ್ ಮೇಲಿನ ಸುಂಕ ಆಲ್ಕೋಹಾಲ್ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. 2025ರ ಫೆಬ್ರವರಿಯ ದರದಲ್ಲಿ 13 ಶೇಕಡಾ ಬಾಟಲಿಗೆ ಸುಮಾರು 2 ಪೌಂಡ್ 88 ಪೆನ್ಸ್ ಸುಂಕ ಇತ್ತು. ಆ ದರದಲ್ಲಿ 6 ಪೌಂಡ್ ಬಾಟಲಿ ತಗೊಳ್ಳಿ. ಅದರಲ್ಲಿ 5 ಪೌಂಡ್ ಮೇಲೆ 20 ಶೇಕಡಾ ವ್ಯಾಟ್ (ಮಾರಾಟದ ತೆರಿಗೆ) ಅಂತ 1 ಪೌಂಡ್ ಹೋಯಿತು, ಸುಂಕ ಹೋಯಿತು, ಉಳಿದದ್ದು 2.12. ಗಾಜು, ಮುಚ್ಚಳ, ಹಡಗು, ಅಂಗಡಿಯ ಲಾಭ, ದ್ರಾಕ್ಷಿ, ಎಲ್ಲವೂ ಅಷ್ಟರಲ್ಲೇ ಆಗಬೇಕು. 8 ಪೌಂಡ್‌ನದ್ದಾದರೆ 3.79 ಉಳಿಯುತ್ತದೆ. 10ರದ್ದಾದರೆ 5.45. ಗಾಜಿನ ಖರ್ಚು, ಹಡಗಿನ ಖರ್ಚು ಮೂರಕ್ಕೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ನೀವು ಜಾಸ್ತಿ ಕೊಡುವ 2 ಪೌಂಡ್‌ನಲ್ಲಿ ದೊಡ್ಡ ಪಾಲು ವೈನ್‌ಗೇ ಹೋಗುವ ಸಾಧ್ಯತೆ ಇದೆ.

ಈಗ ನಿಮ್ಮ ಎರಡು ಬಾಟಲಿಗೆ ಬರೋಣ. ಅದೇ ದರದಲ್ಲಿ ಶಿರಾಜ್‌ಗೆ ಸುಂಕ 3.21 ಪೌಂಡ್. 9 ಶೇಕಡಾ ರೀಸ್ಲಿಂಗ್‌ಗೆ 1.99. ಎರಡಕ್ಕೂ ನೀವು ಕೊಟ್ಟದ್ದು 8 ಪೌಂಡೇ. ಆದರೆ ರೀಸ್ಲಿಂಗ್‌ನಲ್ಲಿ 1.22 ಪೌಂಡ್ ಸರ್ಕಾರಕ್ಕೆ ಹೋಗದೆ ಉಳಿಯಿತು. ಕಡಿಮೆ ದುಡ್ಡಿಗೆ ಒಳ್ಳೆಯದು ಬೇಕು ಅನ್ನುವವರು ಬಾಟಲಿಯ ಮೇಲಿನ ಆಲ್ಕೋಹಾಲ್ ಅಂಕಿಯನ್ನು ಮೊದಲು ಓದಬೇಕು ಅಂತ ನಾನು ಹೇಳುವುದು ಇದಕ್ಕೆ.

ಗೆರೆ ಎಳೆದ ಬೆಲೆಯನ್ನು ನೋಡಲೇಬೇಡಿ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕ್ಯಾಲಿಫೋರ್ನಿಯಾದಲ್ಲಿ ನಡೆದಿತ್ತು. ಒಂದೇ ವೈನ್ ಅನ್ನು 10 ಡಾಲರ್ ಅಂತ ಒಮ್ಮೆ, 90 ಡಾಲರ್ ಅಂತ ಇನ್ನೊಮ್ಮೆ ಹೇಳಿ ಕೊಟ್ಟಾಗ, 90 ಅಂದದ್ದೇ ಜನರಿಗೆ ರುಚಿಸಿತು. ನಿಮ್ಮ 17 ಮತ್ತು 12 ಅದೇ ಕಥೆ. ಬೇಜಾರು ಮಾಡಿಕೊಳ್ಳುವಂಥದ್ದಲ್ಲ, ಎಲ್ಲರ ನಾಲಿಗೆಯೂ ಹೀಗೇ.

ಅಂಕದ ರೀತಿ ಕೇಳಿದ್ದೀರಿ. 20 ಅಂಕದ ಹೆಸರಾಂತ ಪಟ್ಟಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ್ದು. ಅದರಲ್ಲಿ ಬಣ್ಣಕ್ಕೆ, ತಿಳಿಯಾಗಿದೆಯಾ ಅನ್ನುವುದಕ್ಕೆಲ್ಲ ಅಂಕ ಇದೆ. ವೈನ್ ಮಾಡುವವರಿಗೆ ದೋಷ ಹುಡುಕಲು ಅದು ಸರಿ. ಮನೆಗೆ ಬೇಡ. ನಾನು ಹೀಗೆ ಹಾಕುತ್ತೇನೆ: ವಾಸನೆಗೆ 5, ರುಚಿಗೆ 5, ನುಂಗಿದ ಮೇಲೆ ಬಾಯಲ್ಲಿ ಎಷ್ಟು ಹೊತ್ತು ಉಳಿಯಿತು ಅನ್ನುವುದಕ್ಕೆ 4, ಊಟದ ಜೊತೆ 6. ಊಟದ 6 ಅಂಕ ಮಾರನೇ ದಿನವೇ ಹಾಕಿ.

ಮತ್ತೆ ಒಂದು, ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆ 21, 22 ಡಿಗ್ರಿ ಇರುತ್ತದೆ. ಕೆಂಪು ವೈನ್‌ಗೆ 16ರಿಂದ 18 ಸಾಕು. ಕೊಡುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಶಿರಾಜ್‌ನ ಉರಿ ಅರ್ಧ ಅಲ್ಲೇ ಇಳಿಯುತ್ತದೆ.

ದೊಡ್ಡಬಳ್ಳಾಪುರ:

ನಮ್ಮದು ನಂದಿ ಬೆಟ್ಟದ ಕೆಳಗಿನ ಊರು. ಅಪ್ಪ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುತ್ತಿದ್ದರು. ಮೇಡಂ ಹೇಳಿದ ಲೆಕ್ಕ ನನಗೆ ಗೊತ್ತಿರಲಿಲ್ಲ, ಧನ್ಯವಾದ. ನಾನು ಹೇಳುವುದು ಮಾತಿನ ವಿಷಯ.

ಅಂಗಡಿಯ ಪುಟದಲ್ಲಿ ಬರೆದ ರುಚಿಯ ವರ್ಣನೆಯನ್ನು ಹಾಗೇ ನಂಬಬೇಡಿ ಅಣ್ಣ. ಸೊವಿನ್ಯೋ ಬ್ಲಾಂಕ್ ಅನ್ನುವ ಬಿಳಿ ವೈನ್ ಬಗ್ಗೆ ‘ಗೂಸ್‌ಬೆರಿ’ ಅಂತ ಬರೆದಿರುತ್ತಾರೆ. ಡಿಕ್ಷನರಿ ನೋಡಿ ನೆಲ್ಲಿಕಾಯಿ ಅಂದುಕೊಂಡು ನಾನು ಎರಡು ವರ್ಷ ಅದನ್ನೇ ಹುಡುಕಿದೆ. ಅವರ ಹಣ್ಣೇ ಬೇರೆ, ನಮ್ಮ ನೆಲ್ಲಿಕಾಯಿಯೇ ಬೇರೆ. ನನಗೆ ಆ ವೈನ್‌ನಲ್ಲಿ ಸಿಗುವುದು ಅರೆ ಮಾಗಿದ ಸೀಬೆಹಣ್ಣು, ಮಳೆ ಬಂದ ಮೇಲೆ ಹುಲ್ಲು ಕುಯ್ದ ವಾಸನೆ. ಹಾಗೇ ಬರೆದಿಡುತ್ತೇನೆ.

ಟ್ಯಾನಿನ್ ಅನ್ನುವುದಕ್ಕೆ ನಮ್ಮಲ್ಲಿ ಒಗರು ಅನ್ನುವ ಮಾತು ಇದ್ದೇ ಇದೆ. ಎಳೆ ಬಾಳೆಕಾಯಿ ಒಗರು ಬೇರೆ, ಹಸಿ ಅಡಿಕೆ ಒಗರು ಬೇರೆ, ನೇರಳೆ ಹಣ್ಣಿನ ಒಗರು ಬೇರೆ. ನಾಲಿಗೆ ಹಿಡಿಯುತ್ತದಾ, ಒಸಡು ಹಿಡಿಯುತ್ತದಾ, ಗಂಟಲು ಹಿಡಿಯುತ್ತದಾ ಅಂತ ಚಿಕ್ಕಂದಿನಿಂದ ನಮಗೆ ಗೊತ್ತು. ನಿಮ್ಮ ನೋಟ್‌ಬುಕ್ಕಿನಲ್ಲಿ ಆ ಮಾತುಗಳನ್ನೇ ಬರೆಯಿರಿ. ಆರು ತಿಂಗಳು ಬಿಟ್ಟು ಓದಿದರೂ ಬಾಯಲ್ಲಿ ರುಚಿ ಬರುತ್ತದೆ. ‘ಬ್ಲ್ಯಾಕ್‌ಕರಂಟ್’ ಅಂತ ಬರೆದರೆ ನಮಗೆ ಏನೂ ನೆನಪಾಗುವುದಿಲ್ಲ ಅಲ್ವಾ?

ಉಡುಪಿಯವಳು (ಡಬ್ಲಿನ್):

ಚಿಕ್ಕ ಮಾತು. ಧಾರವಾಡದ ಅಣ್ಣ ಅಕ್ಕ ಸಸ್ಯಾಹಾರಿ ಅಂದಿರಿ. ವೈನ್ ತಿಳಿಯಾಗಲಿ ಅಂತ ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಾರೆ. ಆಮೇಲೆ ಅದನ್ನು ತೆಗೆದುಬಿಡುತ್ತಾರೆ, ಆದರೂ ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ. ನನಗೂ ಒಪ್ಪುವುದಿಲ್ಲ. ಜೇಡಿಮಣ್ಣು ಬಳಸಿ ತಿಳಿ ಮಾಡಿದ್ದು, ಏನೂ ಬಳಸದೆ ಮಾಡಿದ್ದು ಬೇಕಾದಷ್ಟು ಸಿಗುತ್ತದೆ. ಆನ್‌ಲೈನ್ ಅಂಗಡಿಗಳಲ್ಲಿ ಹುಡುಕುವಾಗ ‘ವೀಗನ್’ (ಪ್ರಾಣಿಮೂಲದ್ದು ಏನೂ ಬಳಸದ್ದು) ಅಂತ ಆರಿಸಿಕೊಂಡರೆ ಪಟ್ಟಿ ಬರುತ್ತದೆ. ಅವರಿಗೆ ಗೊತ್ತಿಲ್ಲದಿದ್ದರೆ ದಯವಿಟ್ಟು ಹೇಳಿ.

ಸಕಲೇಶಪುರದವ (ಲೀಡ್ಸ್):

ಎಲ್ಲರಿಗೂ ಮನಸಾರೆ ಧನ್ಯವಾದ. ಉಡುಪಿಯ ಅಕ್ಕ, ನೀವು ಬರೆದದ್ದನ್ನು ಆ ರಾತ್ರಿಯೇ ಅವರಿಗೆ ಓದಿ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾನು ಮೊದಲೇ ವಿಚಾರಿಸಬೇಕಿತ್ತು ಅಂತ ಕ್ಷಮೆ ಕೇಳಿದೆ. ಉಳಿದ ಬಾಟಲಿಗಳನ್ನು ಕೂತು ಒಂದೊಂದಾಗಿ ಹುಡುಕಿದೆವು. ಐದರಲ್ಲಿ ಮೂರು ವೀಗನ್ ಅಂತ ಇತ್ತು. ಮಿಕ್ಕ ಎರಡು ನಮ್ಮಿಬ್ಬರಿಗೆ.

ಕಳೆದ ಶನಿವಾರ ಆ ಮೂರನ್ನು ಹೊಸ ರೀತಿಯಲ್ಲಿ ನೋಡಿದೆವು. ಹಗುರದ್ದು ಮೊದಲು, ಕೆಂಪನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು. ಪೋರ್ಚುಗಲ್‌ನ ವಿನ್ಯೋ ವೆರ್ದೆ, ಸಣ್ಣಗೆ ಗುಳ್ಳೆ ಬರುವ ಬಿಳಿ, 10.5 ಶೇಕಡಾ. ಅಕ್ಕ ಅದಕ್ಕೆ ‘ನಿಂಬೆಹಣ್ಣು ಹಿಂಡಿದ ಸೋಡಾ, ಉಪ್ಪು ಹಾಕಿದ್ದು’ ಅಂತ ಬರೆದರು. ಗಿರಮಿಟ್ ಜೊತೆ 6ಕ್ಕೆ 6. ಒಟ್ಟು 17, ಇಲ್ಲಿಯವರೆಗೆ ಇದೇ ಹೆಚ್ಚು. ಎರಡನೆಯದು ಗಾರ್ನಾಚಾ, ಬೇರೆ ಊರಿನದು, ‘ನೇರಳೆ, ಒಗರು ಒಸಡಿನ ಹತ್ತಿರ ಮಾತ್ರ’, 15.

ಮೂರನೆಯದನ್ನು ತೆರೆದಾಗ ಮಳೆಗಾಲದಲ್ಲಿ ಅಟ್ಟದ ಮೇಲೆ ಒದ್ದೆಯಾದ ರಟ್ಟಿನ ವಾಸನೆ. ಹಣ್ಣಿನ ವಾಸನೆ ಚೂರೂ ಇಲ್ಲ. ಕಳಸದ ಮೇಡಂ, ಇದು ಕಾರ್ಕ್ ಕೆಟ್ಟದ್ದು ತಾನೆ? ಅದಕ್ಕೆ ಅಂಕ ಹಾಕಲಿಲ್ಲ. ಅಂಗಡಿಗೆ ಬರೆದೆ, ದುಡ್ಡು ವಾಪಸ್ ಕೊಟ್ಟರು.

ಕಳಸದವಳು (ಲಂಡನ್):

ಹೌದು, ಅದೇ. ಕಾರ್ಕಿನಲ್ಲಿ ಹುಟ್ಟುವ ಟಿಸಿಎ ಅನ್ನುವ ವಸ್ತು. ಕುಡಿದರೆ ತೊಂದರೆ ಇಲ್ಲ, ಆದರೆ ರುಚಿಯನ್ನೆಲ್ಲ ಮುಚ್ಚಿಬಿಡುತ್ತದೆ. ಅಂಕ ಹಾಕದೇ ಬಿಟ್ಟದ್ದು ಸರಿ. ಅದೇ ವೈನ್ ಇನ್ನೊಂದು ಬಾಟಲಿ ತರಿಸಿ ನೋಡಿ, ಪೂರ್ತಿ ಬೇರೆ ಇರುತ್ತದೆ.

ಸಕಲೇಶಪುರದವ (ಲೀಡ್ಸ್):

ತರಿಸುತ್ತೇನೆ ಮೇಡಂ. ಮುಂದಿನ ಕೇಸ್‌ಗೆ 6 ಬಾಟಲಿ ಮಾತ್ರ, ಪ್ರತಿಯೊಂದೂ 10 ಪೌಂಡ್, ಯಾವುದೂ 13 ಶೇಕಡಾ ದಾಟಬಾರದು ಅಂತ ನಾಲ್ವರೂ ಸೇರಿ ಆರಿಸಿದ್ದೇವೆ. ಗುರುವಾರ ಬರುತ್ತದೆ.