ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ ಮೇಲೆ ಟಂಗ್ ಸದ್ದು, ಗದಗ ರೋಡಲ್ಲಿ ಗಾಡಿ ಕುಣಿತ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ನನ್ನದು 2019ರ ಸ್ವಿಫ್ಟ್. 40 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಿಸಿದ್ದೇನೆ, ಸ್ಟ್ರಟ್ (ಸ್ಪ್ರಿಂಗ್ ಹೊತ್ತಿರುವ ಮುಂದಿನ ಶಾಕಪ್) ಮಾತ್ರ ಕಂಪನಿಯವೇ. ಈಗ ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಬಲಗಡೆ ಟಂಗ್ ಅನ್ನುತ್ತದೆ. ಹಂಪ್ ಮೇಲೆ ದಬ್ ಅಂತ ಹೊಡೆಯುತ್ತದೆ. ಅಣ್ಣಿಗೇರಿ ಕಡೆ ಹೋದರೆ ಒಂದು ತಗ್ಗು ದಾಟಿದ ಮೇಲೂ ಗಾಡಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಹೊಸ ಸ್ಪ್ರಿಂಗ್, ಓಡ್ತಾ ಓಡ್ತಾ ಸೆಟ್ ಆಗುತ್ತದೆ ಅಂತಾರೆ ಗ್ಯಾರೇಜಿನವರು. ಹೌದಾ?

ಉತ್ತರ:
ಇಲ್ಲರೀ, ಇದು ತಾನಾಗಿ ಸೆಟ್ ಆಗುವುದಿಲ್ಲ. ನೀವು ಹೇಳಿದ್ದು ಮೂರು ಬೇರೆ ಬೇರೆ ತೊಂದರೆ, ಒಂದಕ್ಕೊಂದು ಬೆರೆಸಬೇಡಿ.

ಟಂಗ್ ಸದ್ದು ಸುಲಭದ್ದು. ಬಲಗಡೆ ಚಕ್ರ ಬಿಚ್ಚಿಸಿ ಟಾರ್ಚ್ ಹಿಡಿದು ನೋಡಿ. ಸ್ಟ್ರಟ್‌ನ ಕೆಳಗಿನ ತಟ್ಟೆಯಲ್ಲಿ ಒಂದು ಸಣ್ಣ ಮೆಟ್ಟಿಲು ಇರುತ್ತದೆ, ಸ್ಪ್ರಿಂಗ್ ತುದಿ ಅದಕ್ಕೆ ತಾಗಿ ಕೂರಬೇಕು. ಕೂತಿಲ್ಲದಿದ್ದರೆ ಸ್ಟೇರಿಂಗ್ ತಿರುಗಿದಾಗ ಸ್ಪ್ರಿಂಗ್ ತಿರುಚಿಕೊಂಡು ಒಮ್ಮೆಲೇ ಜಾರುತ್ತದೆ. ಸ್ಪ್ರಿಂಗ್ ಮೇಲಿನ ಅಕ್ಷರ ತಲೆಕೆಳಗಾಗಿ ಕಂಡರೆ ಸ್ಪ್ರಿಂಗೇ ಉಲ್ಟಾ ಕೂತಿರಬಹುದು. ಎಲ್ಲ ಸರಿಯಿದ್ದರೆ ಟಾಪ್ ಮೌಂಟ್ ಬೇರಿಂಗ್ (ಸ್ಟ್ರಟ್‌ನ ಮೇಲ್ತುದಿಯಲ್ಲಿ ಅದು ತಿರುಗಲು ಇರುವ ಬೇರಿಂಗ್) ನೋಡಿಸಿ. ಜಾಕಿ ಎತ್ತಿ ಚಕ್ರ ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗ್ ಕೈಯಲ್ಲಿ ಅಲ್ಲಾಡಬಾರದು. ಅಲ್ಲಾಡಿದರೆ ಆ ಸ್ಪ್ರಿಂಗ್ ನಿಮ್ಮ ಸ್ಟ್ರಟ್‌ಗೆ ತೀರಾ ಗಿಡ್ಡ, ಅದರಲ್ಲಿ ಓಡಿಸಲೇಬೇಡಿ.

ದಬ್ ಅನ್ನುವುದು ಬಂಪ್ ಸ್ಟಾಪ್ ಇರಬೇಕು, ಅಂದರೆ ಸ್ಟ್ರಟ್ ಪೂರ್ತಿ ಒತ್ತದಂತೆ ರಾಡಿನ ಮೇಲ್ಭಾಗದಲ್ಲಿರುವ ಮೆತ್ತನೆಯ ತಡೆ. ಗಾಡಿ ಕೆಳಗೆ ಬಂತು ಅಂದರೆ ಸ್ಟ್ರಟ್‌ನ ರಾಡು ಮೊದಲೇ ಅಷ್ಟು ಒಳಗೆ ಹೋಗಿ ನಿಂತಿದೆ, ಹಂಪ್ ಬಂದಾಗ ಇಳಿಯಲು ಜಾಗ ಉಳಿದಿಲ್ಲ. ಡಸ್ಟ್ ಕವರ್ ಮೇಲೆತ್ತಿ ರಾಡಿನ ಬುಡಕ್ಕೆ ಒಂದು ಪ್ಲಾಸ್ಟಿಕ್ ಟ್ಯಾಗ್ ಬಿಗಿಯಾಗಿ ಕಟ್ಟಿ, ಉಣಕಲ್ ತನಕ ಹೋಗಿ ಬನ್ನಿ. ಟ್ಯಾಗ್ ಎಲ್ಲಿಗೆ ಸರಿದಿದೆಯೋ ಅಲ್ಲಿಯವರೆಗೆ ಸ್ಟ್ರಟ್ ಒತ್ತಿದೆ ಅಂತ ಅರ್ಥ.

ಪ್ರಶ್ನೆ ಕೇಳಿದವರು:
ನೋಡಿಸಿದೆ ಅಣ್ಣಾ. ಸ್ಪ್ರಿಂಗ್ ತುದಿ ಮೆಟ್ಟಿಲಿನಿಂದ ಬೆರಳಗಲ ದೂರ ಇತ್ತು. ಕೂರಿಸಿದ ಮೇಲೆ ಟಂಗ್ ನಿಂತಿದೆ. ಟ್ಯಾಗ್ ಮಾತ್ರ ಬಂಪ್ ಸ್ಟಾಪ್ ತನಕ ಹೋಗಿ ಜಜ್ಜಿ ಹೋಗಿದೆ. ಬಂಪ್ ಸ್ಟಾಪ್ ಅರ್ಧ ಕತ್ತರಿಸಿದರೆ ಸಾಕಾ?

ಉತ್ತರ:
ಸ್ಪ್ರಿಂಗ್ ಕಂಪನಿಯವರು ಇಷ್ಟೇ ಕತ್ತರಿಸಿ ಅಂತ ಅಳತೆ ಕೊಟ್ಟಿದ್ದರೆ ಮಾತ್ರ. ಸುಮ್ನೆ ಕತ್ತರಿಸಿದರೆ ಸ್ಟ್ರಟ್ ಒಳಗಿನ ಪಿಸ್ಟನ್ ತಳಕ್ಕೆ ಬಡಿಯುತ್ತದೆ, ಆಮೇಲೆ ಎಣ್ಣೆ ಸೋರುತ್ತದೆ.

ಕುಣಿತಕ್ಕೂ ಇದರಿಂದ ಉಪಯೋಗವಿಲ್ಲ. ಹೊಸ ಸ್ಪ್ರಿಂಗ್ ಗಟ್ಟಿ, ಅದು ಮೇಲೆ ಚಿಮ್ಮುವುದನ್ನು ತಡೆದು ಹಿಡಿಯುವ ಶಕ್ತಿ ಹಳೇ ಸ್ಟ್ರಟ್‌ನ ಎಣ್ಣೆಗೆ ಸಾಲುತ್ತಿಲ್ಲ. ಅಣ್ಣಿಗೇರಿ, ನವಲಗುಂದ ಕಡೆ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದಕ್ಕೇ ಡಾಂಬರು ಅಲೆಅಲೆಯಾಗಿ ಏಳುತ್ತದೆ. ಧಾರವಾಡದ ಬಿಆರ್‌ಟಿಎಸ್ (ಚಿಗರಿ ಬಸ್ಸು ಓಡುವ) ನುಣುಪು ರೋಡಲ್ಲಿ ಗೊತ್ತಾಗದ ಕುಣಿತ ಅಲ್ಲಿ ಎದ್ದು ಕಾಣುತ್ತದೆ, ವೇಗದಲ್ಲಿ ಚಕ್ರದ ಹಿಡಿತವೂ ಹೋಗುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇಳಿಸಲೇಬೇಕು ಅಂದರೆ ಆ ಸ್ಪ್ರಿಂಗ್‌ಗೆ ಜೊತೆಯಾಗುವ ಗಿಡ್ಡ ಸ್ಟ್ರಟ್ ಹಾಕಿಸಿ, ಹಿಂದಿನ ಶಾಕಪ್ ಕೂಡ. ಅಷ್ಟು ದುಡ್ಡು ಬೇಡ ಅಂದರೆ ಹಳೇ ಸ್ಪ್ರಿಂಗೇ ವಾಪಸ್ ಹಾಕಿಸಿ. ನನ್ನನ್ನು ಕೇಳಿದರೆ ಎರಡನೆಯದೇ. ನಿಮ್ಮ ಸ್ವಿಫ್ಟ್‌ನ ತಳ ನೆಲದಿಂದ 163 ಮಿ.ಮೀ. ಎತ್ತರ, 40 ಇಳಿದರೆ 123. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 100 ಮಿ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಓಣಿಗಳಲ್ಲಿ ಅಷ್ಟು ಅಗಲದ ಹಂಪ್ ಎಲ್ಲಿದೆ ಹೇಳಿ? ಇರುವವು ಕಿರಿದು, ಕಡಿದು. ನಾಲ್ಕು ಜನ ಕೂತರೆ ತಳ ಉಜ್ಜುವುದೇ.

ಯಾವುದು ಮಾಡಿದರೂ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ) ಇಲ್ಲದೆ ಮೇಲಿನ ನಟ್ ಬಿಚ್ಚಲು ಯಾರಿಗೂ ಬಿಡಬೇಡಿ, ಸ್ಪ್ರಿಂಗ್ ಹಾರಿದರೆ ಮುಖಕ್ಕೇ ಬರುತ್ತದೆ. ಕೆಳಗಿನ ಆರ್ಮ್‌ನ (ಚಕ್ರವನ್ನು ಗಾಡಿಯ ತಳಕ್ಕೆ ಜೋಡಿಸುವ ತೋಳು) ರಬ್ಬರ್ ಬುಷ್ ಬೋಲ್ಟ್‌ಗಳನ್ನು ಗಾಡಿ ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಪೂರ್ತಿ ಬಿಗಿ ಮಾಡಿಸಿ. ಗಾಳಿಯಲ್ಲಿ ಎತ್ತಿಟ್ಟು ಬಿಗಿದರೆ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಅದಾದ ಮೇಲೆ ಅಲೈನ್‌ಮೆಂಟ್. ಟೋ, ಅಂದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಸರಿ ಮಾಡಿಸದಿದ್ದರೆ ಮುಂದಿನ ಟೈರು ಒಳಮಗ್ಗುಲಲ್ಲಿ ಸವೆದು ಹೋಗುತ್ತವೆ.