ಏರ್ ಹಿಡಿದಿದೆಯೋ, ಏರ್ ಎಳೀತಿದೆಯೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು: ಡೀಸೆಲ್ ಇಂಜಿನ್ನಿನ ಪೈಪಿನಲ್ಲಿ ಸೇರಿಕೊಂಡ ಗಾಳಿಯನ್ನು ಹೊರಗೆ ಹಾಕುವ ಕೆಲಸಕ್ಕೆ ನಮ್ಮ ಮಾತಿನಲ್ಲಿ ಏನನ್ನಬೇಕು? ಹಿನ್ನೆಲೆ ಹೇಳದೆ ಕೇಳಿದರೆ ತಲೆಬುಡ ತಿಳಿಯುವುದಿಲ್ಲ, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ.

ನಮ್ಮ ಸೋದರಮಾವನ ಹತ್ತಿರ ಒಂದು ಹಳೇ ಚೈನ್ ಡೋಜರ್ ಇದೆ, ಚಕ್ರದ ಬದಲು ಕಬ್ಬಿಣದ ಪಟ್ಟಿ ಮೇಲೆ ಓಡುವ, ಮಣ್ಣು ತಳ್ಳುವ ಗಾಡಿ. ದಾವಣಗೆರೆ ಕಡೆ, ಭದ್ರಾ ನಾಲೆ ನೀರು ಹರಿಯುವ ಊರು. ಬೇಸಿಗೆಯಲ್ಲಿ ಗದ್ದೆ ಮಟ್ಟ ಮಾಡೋಕೆ, ಕೆರೆ ಹೂಳು ತಳ್ಳೋಕೆ ಬಾಡಿಗೆಗೆ ಹೋಗುತ್ತೆ. ಮಳೆಗಾಲದಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗುತ್ತೆ. ಈ ಸಲ ನಾಲ್ಕು ತಿಂಗಳು ಮಲಗಿದ್ದು ಏಳಲೇ ಇಲ್ಲ. ಬ್ಯಾಟರಿ ಹೊಸದು, ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿ ತಿರುಗುತ್ತೆ, ಸ್ಟಾರ್ಟ್ ಮಾತ್ರ ಆಗಲ್ಲ. ಸಾಮಾನ್ಯ ಟ್ರ್ಯಾಕ್ಟರ್ ಆಗಿದ್ದರೆ ನಾಲ್ಕು ಜನ ಸೇರಿ ತಳ್ಳಿ ನೋಡಬಹುದಿತ್ತು. ಇದು ಹತ್ತು ಟನ್ನಿಗೂ ಮೇಲಿನ ಕಬ್ಬಿಣ, ಯಾರು ತಳ್ಳುತ್ತಾರೆ?

ಮೇಸ್ತ್ರಿ ಬಂದರು. ಇಂಜಿನ್ನಿಗೆ ಕೈ ಹಾಕುವ ಮೊದಲೇ ಸೈಲೆನ್ಸರಿನ ಬಾಯಿ ನೋಡುತ್ತಾ "ಸೆಲ್ಫ್ ಹೊಡಿಯಪ್ಪ" ಅಂದರು. ಮಾವನ ಮಗ ಹೊಡೆದ. ಹೊಗೆಯೇ ಇಲ್ಲ. ಬಿಳಿದೂ ಇಲ್ಲ, ಕರಿದೂ ಇಲ್ಲ. "ಹೊಗೆನೇ ಇಲ್ಲ ಅಂದ್ರೆ ನಾಜಲ್ಲಿಗೆ ಡೀಸೆಲ್ಲೇ ಹೋಗ್ತಿಲ್ಲ. ಬಿಳಿ ಹೊಗೆ ಬಂದಿದ್ರೆ ಬೇರೆ ಮಾತು, ಹೋಗ್ತಿದೆ ಆದ್ರೆ ಉರೀತಿಲ್ಲ ಅಂತ." (ನಾಜಲ್ ಅಂದರೆ ಇಂಜಿನ್ನಿನ ಒಳಗೆ ಡೀಸೆಲ್ ಚಿಮ್ಮಿಸುವ ಸಣ್ಣ ಮೂತಿ.) ಆಮೇಲೆ ಫಿಲ್ಟರಿನ ತಲೆ ಮೇಲಿನ ಸ್ಕ್ರೂವನ್ನು ಪಾನ ಹಾಕಿ ಎರಡು ಸುತ್ತು ಸಡಿಲ ಮಾಡಿ ಹ್ಯಾಂಡ್ ಪಂಪ್ ಹೊಡೆದರು. ಬುಸ್ ಬುಸ್ ಅಂತ ನೊರೆ ಬಂತು, ಸೋಪಿನ ನೊರೆ ಥರ. "ಪಂಪಿಗೆ ಏರ್ ಹಿಡಿದಿದೆ" ಅಂದರು. ಇನ್ನಷ್ಟು ಹೊಡೆದರು. ನೊರೆ ಹೋಗಿ ತಿಳಿಯಾದ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿ ಮಾಡಿದರು. ಸ್ಟಾರ್ಟ್ ಆಯಿತು! ಐದು ನಿಮಿಷ ಓಡಿ ಮತ್ತೆ ನಿಂತಿತು. ಮತ್ತೆ ಸ್ಕ್ರೂ, ಮತ್ತೆ ನೊರೆ. ಈಗ ಮೇಸ್ತ್ರಿ ಮಾತು ಬದಲಾಯಿತು: "ಇದು ಹಿಡಿದಿರೋದಲ್ಲ ಕಣಯ್ಯ. ಎಲ್ಲೋ ಏರ್ ಎಳೀತಿದೆ."

ಟಾರ್ಚ್ ಹಿಡಿದು ನಿಂತಿದ್ದ ನನಗೆ ಮೊದಲು ಎರಡೂ ಒಂದೇ ಅನ್ನಿಸಿತ್ತು. ಒಂದೇ ಅಲ್ಲ. ಟ್ಯಾಂಕ್ ಖಾಲಿ ಆದಾಗಲೋ, ಫಿಲ್ಟರ್ ಬದಲಿಸಿದಾಗಲೋ ಒಳಗೆ ಸೇರಿಕೊಂಡು ಅಲ್ಲೇ ಕೂತ ಗಾಳಿ 'ಹಿಡಿದಿರುವುದು'. ಒಂದು ಸಲ ಹೊರಗೆ ಹಾಕಿದರೆ ಮುಗಿಯಿತು. 'ಎಳೆಯುವುದು' ಅಂದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿ ಎಲ್ಲೋ ಬಿರುಕಿದೆ, ಪಂಪು ಡೀಸೆಲ್ ಹೀರುವಾಗ ಜೊತೆಗೆ ಗಾಳಿಯನ್ನೂ ಹೀರುತ್ತಿದೆ ಅಂತ. ಇದರಲ್ಲಿ ಮೋಸ ಏನಂದರೆ ಆ ಜಾಗದಲ್ಲಿ ಹೊರಗೆ ಒಂದು ಹನಿಯೂ ಸೋರದೇ ಇರಬಹುದು. ಪಂಪಿನಿಂದ ಆಚೆ ಒತ್ತಡ ಇರುವ ಕಡೆ ಬಿರುಕು ಬಿಟ್ಟರೆ ಡೀಸೆಲ್ 'ಸೋರುತ್ತೆ', ಈಚೆ ಬಿಟ್ಟರೆ ಏರ್ 'ಎಳೆಯುತ್ತೆ'. ಹಿಡಿ, ಎಳೆ, ಸೋರು. ಮೂರು ಕ್ರಿಯಾಪದದಲ್ಲಿ ಮೂರು ರೋಗ ಹೇಳಿ ಮುಗಿಸುತ್ತಾರೆ ಮೇಸ್ತ್ರಿಗಳು.

ಇಷ್ಟು ಸಣ್ಣ ಗುಳ್ಳೆಗೆ ಅಷ್ಟು ದೊಡ್ಡ ಯಂತ್ರ ಯಾಕೆ ನಿಲ್ಲುತ್ತೆ ಅನ್ನುವವರಿಗೆ: ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಒತ್ತಿ ಬಿಸಿಯಾದ ಗಾಳಿಗೆ ಡೀಸೆಲ್ ಚಿಮ್ಮಬೇಕು, ಆಗ ಅದೇ ಉರಿಯುತ್ತೆ. ನಾಜಲ್ ಬಾಯಿ ತೆರೆಯಲು ಸಾಮಾನ್ಯವಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರು ಪಟ್ಟಿಗೂ ಜಾಸ್ತಿ ಒತ್ತಡ ಬೇಕು. ಡೀಸೆಲ್ಲನ್ನು ಒತ್ತಿದರೆ ಆ ಒತ್ತಡ ನೇರ ನಾಜಲ್ಲಿಗೆ ಹೋಗುತ್ತೆ. ಮಧ್ಯೆ ಗಾಳಿ ಇದ್ದರೆ ಅದು ಸ್ಪ್ರಿಂಗ್ ಥರ ಕುಗ್ಗಿ ಹಿಗ್ಗಿ ಆಟ ಆಡುತ್ತೆ, ನಾಜಲ್ ತೆರೆಯುವುದೇ ಇಲ್ಲ.

ಈಗ ಭಾಷೆಯ ವಿಷಯಕ್ಕೆ ಬರ್ತೀನಿ. 'ಪಂಪಿಗೆ ಏರ್ ಹಿಡಿದಿದೆ' ಅನ್ನುವ ವಾಕ್ಯದ ಕಟ್ಟು ನೋಡಿ. ಕಬ್ಬಿಣಕ್ಕೆ ತುಕ್ಕು ಹಿಡಿದಿದೆ. ಗೋಡೆಗೆ ಬೂಷ್ಟು ಹಿಡಿದಿದೆ. ಅವನಿಗೆ ಹುಚ್ಚು ಹಿಡಿದಿದೆ. ಅವಳಿಗೆ ದೆವ್ವ ಹಿಡಿದಿದೆ. ಎಲ್ಲ ಕಡೆ 'ಗೆ', 'ಕ್ಕೆ'. ಹಿಡಿಯುವುದು ರೋಗ, ಹಿಡಿಸಿಕೊಳ್ಳುವವರು ಪಾಪದವರು. ಆದರೆ 'ಪಂಪ್ ಏರ್ ಎಳೀತಿದೆ' ಅಂದಾಗ ಪಂಪೇ ಕರ್ತೃ, ಅದೇ ಎಳೆದುಕೊಂಡಿದೆ. ಬೇಕಂತಲೇ ಯೋಚಿಸಿ ಹೀಗೆ ಹೇಳುತ್ತಾರೆ ಅಂತಲ್ಲ, ಆದರೆ ವಿಭಕ್ತಿ ಬದಲಾದರೆ ರಿಪೇರಿಯೂ ಬದಲಾಗುತ್ತೆ ಅನ್ನೋದು ನನಗಂತೂ ಮಜಾ ಅನ್ನಿಸಿತು.

ಇಂಜಿನ್ನಿಗೆ ಬಂದರೆ ಇದೇ 'ಹಿಡಿ' ಇನ್ನೊಂದು ಕೆಲಸ ಮಾಡುತ್ತೆ. 'ಇಂಜಿನ್ ಹಿಡ್ಕೊಂಡಿದೆ' ಅಂದರೆ ಒಳಗೆ ಜಾಮ್ ಆಗಿ ತಿರುಗುವುದೇ ಇಲ್ಲ ಅಂತ. ಅದು ದುಬಾರಿ ಸುದ್ದಿ. ಫೋನಿನಲ್ಲಿ ಅರ್ಧ ಕೇಳಿಸಿಕೊಂಡರೆ ಎದೆ ಧಸಕ್ ಅನ್ನುತ್ತೆ, ನಮ್ಮ ಮಾವನಿಗೆ ಅದೂ ಆಯಿತು.

ಇನ್ನು 'ಗಾಳಿ'. ನಾನು ಸುಮ್ನೆ ಇರಲಾರದೆ "ಅಂದ್ರೆ ಗಾಳಿ ಹಿಡಿದಿದೆಯಾ?" ಅಂತ ಮೇಸ್ತ್ರಿಯನ್ನು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಟೀ ತಂದ ಅತ್ತೆ ಶುರು ಮಾಡಿದರು: "ಅಮಾವಾಸ್ಯೆ ದಿನ ಗಾಡಿ ಮುಂದೆ ನಿಂಬೆಹಣ್ಣು ಕುಯ್ಯಿ ಅಂತ ಬಡ್ಕೊಂಡೆ, ಯಾರು ಕೇಳಿದ್ರಿ?" ತಮಾಷೆಗೆ ಅಂದಿದ್ದು ಅಂತ ನಾನು ಅಂದುಕೊಂಡಿದ್ದೀನಿ. ಗಾಳಿ ಸೋಕುವುದು, ಗಾಳಿ ಮೆಟ್ಟಿಕೊಳ್ಳುವುದು ಅಂದರೆ ನಮ್ಮಲ್ಲಿ ಬೇರೆಯೇ ಅರ್ಥ ಅಲ್ವಾ? ಟೈರಿಗೆ ಸಲೀಸಾಗಿ 'ಗಾಳಿ ಹೊಡಿ' ಅನ್ನುವವರೇ ಡೀಸೆಲ್ ಪೈಪಿಗೆ ಬಂದಾಗ 'ಏರ್' ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದಾ ಅಂತ ನನ್ನ ಅನುಮಾನ. ಮೈಗೆ ಹಿಡಿಯುವ ಗಾಳಿ ಬೇರೆ, ಪಂಪಿಗೆ ಹಿಡಿಯುವ ಏರ್ ಬೇರೆ. ಇದು ಊಹೆ ಅಷ್ಟೇ, ಒಪ್ಪದವರು ಬೈಯಬಹುದು.

ಕೇಳೋಕೆ ಕಾರಣ ಇದು. ಮಾವನ ಮಗನಿಗೆ ಒಂದು ಹಾಳೆ ಬರೆದುಕೊಡಬೇಕು, ಶೆಡ್ಡಿನ ಗೋಡೆಗೆ ಅಂಟಿಸೋಕೆ. ಸ್ಟಾರ್ಟ್ ಆಗದಿದ್ದರೆ ಮೊದಲು ಏನು ನೋಡಬೇಕು, ಆಮೇಲೆ ಏನು ಅಂತ. ಅವನು ಇಂಗ್ಲಿಷ್ ಪುಸ್ತಕ ಓದುವುದಿಲ್ಲ. ಪುಸ್ತಕದಲ್ಲಿ ಗಾಳಿ ಹೊರಗೆ ಹಾಕುವ ಕೆಲಸಕ್ಕೆ 'ಬ್ಲೀಡ್' ಮಾಡಿ ಅಂತಿದೆ. ಫೋನಿಗೆ ಹಾಕಿ ಅನುವಾದ ಮಾಡಿಸಿದರೆ ಇಂಧನ ವ್ಯವಸ್ಥೆಯ ರಕ್ತಸ್ರಾವ ಅಂತ ಬಂತು! 'ಏರ್ ತೆಗಿ' ಅನ್ನುತ್ತಾರೆ ಮೇಸ್ತ್ರಿ. 'ಏರ್ ಬಿಡು' ಅಂತ ಕೆಲವರು ಅನ್ನುವುದನ್ನು ಕೇಳಿದ್ದೀನಿ, ಆದರೆ ಅದು ಒಳಗೆ ಬಿಡುವುದೋ ಹೊರಗೆ ಬಿಡುವುದೋ ಹೊಸಬರಿಗೆ ಗೊತ್ತಾಗಲ್ಲ. ನನಗೆ ಇಷ್ಟವಾಗಿರುವುದು 'ಏರ್ ಬಿಡಿಸು'. ಹಿಡಿದದ್ದನ್ನು ಬಿಡಿಸಬೇಕು, ಜೋಡಿ ಸರಿಹೋಗುತ್ತೆ. ಆದರೆ ದೆವ್ವಕ್ಕೂ ಅದೇ ಜೋಡಿ, ಅತ್ತೆ ಮತ್ತೆ ನಿಂಬೆಹಣ್ಣು ತರುತ್ತಾರೆ.

ಹಾಳೆಯ ತಲೆಬರಹಕ್ಕೂ ಇದೇ ಪಾಡು. 'ಕ್ರಾಲರ್ ಟ್ರ್ಯಾಕ್ಟರ್' ಅಂತ ಬರೆದರೆ ಊರಲ್ಲಿ ಯಾರಿಗೂ ತಿಳಿಯಲ್ಲ, 'ತೆವಳು ಟ್ರ್ಯಾಕ್ಟರ್' ಅಂತ ಬರೆದರೆ ನಗುತ್ತಾರೆ. ಅಮೆರಿಕದವರು ಇದಕ್ಕೆ ಹುಳುವಿನ ಹೆಸರೇ ಇಟ್ಟರು. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ನಿನಲ್ಲಿ ಬೆಂಜಮಿನ್ ಹೋಲ್ಟ್ ಅನ್ನುವವರು, ಮೆತ್ತನೆ ಮಣ್ಣಿನಲ್ಲಿ ಉಗಿ ಟ್ರ್ಯಾಕ್ಟರಿನ ಚಕ್ರ ಹೂತುಹೋಗುತ್ತೆ ಅಂತ, 1904ರಲ್ಲಿ ಚಕ್ರ ತೆಗೆದು ಪಟ್ಟಿ ಹಾಕಿ ಓಡಿಸಿದರು. ನೋಡಿದ ಫೋಟೋಗ್ರಾಫರ್ ಒಬ್ಬರು ಕಂಬಳಿಹುಳು ಹೋದಂಗೆ ಹೋಗುತ್ತೆ ಅಂದರಂತೆ, ಅದೇ 'ಕ್ಯಾಟರ್‌ಪಿಲರ್' ಆಯಿತು. 1910ರಲ್ಲಿ ಆ ಹೆಸರನ್ನು ನೋಂದಣಿಯೂ ಮಾಡಿಸಿಕೊಂಡರು. ನಮ್ಮವರಿಗೆ ಅದರಲ್ಲಿ ಹುಳು ಕಾಣಲಿಲ್ಲ, ಚೈನ್ ಕಂಡಿತು. ಚೈನ್ ಗಾಡಿ, ಚೈನ್ ಡೋಜರ್, ಈಗ ಚೈನ್ ಜೆಸಿಬಿ. ಹಾಳೆಗೆ 'ಚೈನ್ ಡೋಜರ್' ಅಂತಲೇ ಹಾಕ್ತೀನಿ, ಇದರಲ್ಲಿ ಚರ್ಚೆ ಬೇಡ.

ಕೊನೆಗೆ ಎಲ್ಲಿ ಎಳೀತಿತ್ತು ಅಂದರೆ, ಟ್ಯಾಂಕಿನ ಕೆಳಗೆ ಕ್ಲಿಪ್ ಹಾಕಿದ ಕಡೆ. ರಬ್ಬರ್ ಪೈಪ್ ಒಣಗಿ, ಕ್ಲಿಪ್ಪಿನ ಅಂಚಿಗೆ ಉಗುರಿನಲ್ಲಿ ಗೀರಿದ ಹಾಗೆ ಸಣ್ಣ ಬಿರುಕು. ಒಣಗಿದ ಧೂಳು ಇತ್ತೇ ಹೊರತು ಡೀಸೆಲ್ಲಿನ ಕಲೆ ಇರಲಿಲ್ಲ. ಅಷ್ಟುದ್ದ ಕತ್ತರಿಸಿ ಮತ್ತೆ ಕ್ಲಿಪ್ ಹಾಕಿ, ಇನ್ನೊಂದು ಸಲ ಏರ್... ಏನು ಮಾಡಿದರು ಅನ್ನಲಿ? ತೆಗೆದರು? ಬಿಡಿಸಿದರು?

ರಾಯಚೂರು, ಕಲಬುರಗಿ ಕಡೆಯವರು ಟೈರಿಗೆ 'ಹವಾ' ಅನ್ನುತ್ತೀರಲ್ಲ, ಡೀಸೆಲ್ ಪಂಪಿಗೂ 'ಹವಾ ಹಿಡದದ' ಅಂತೀರಾ? ಕರಾವಳಿಯಲ್ಲಿ ಬೋಟಿನ ಇಂಜಿನ್ನಿಗೆ ಏನನ್ನುತ್ತಾರೆ? ತೋಟದ ಡೀಸೆಲ್ ಪಂಪ್‌ಸೆಟ್ ಕಂಡವರು ಹಳಬರು ಯಾರಾದರೂ ಇದ್ದರೆ, ಏರ್ ಅನ್ನುವ ಮಾತು ಬರುವ ಮೊದಲು ಮನೆಯಲ್ಲಿ ಏನು ಹೇಳುತ್ತಿದ್ದರು ಅಂತ ನೆನಪಿದ್ದರೆ ತಿಳಿಸಿ. ಹಾಳೆ ಭಾನುವಾರ ಅಂಟಿಸಬೇಕು.