ರೀಬಿಲ್ಡ್ ಆದ ಮೇಲೂ ಹೊಗೆ ನಿಲ್ಲದ 125 ಟೂ ಸ್ಟ್ರೋಕ್ ಡರ್ಟ್ ಬೈಕ್

ಮಣ್ಣುದಾರಿ:
125 ಸಿಸಿ, ವಾಟರ್ ಕೂಲ್ಡ್ ಟೂ ಸ್ಟ್ರೋಕ್. ಕ್ರ್ಯಾಂಕ್, ಮೇನ್ ಬೇರಿಂಗ್, ಎರಡೂ ಕಡೆಯ ಆಯಿಲ್ ಸೀಲ್, ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಎಲ್ಲ ಹೊಸದು. ಟೂಟಿ (ಪೆಟ್ರೋಲ್‌ಗೆ ಬೆರೆಸೋ ಆಯಿಲ್) ಮಿಶ್ರಣ 32:1, ಅಂದ್ರೆ 32 ಪಾಲು ಪೆಟ್ರೋಲ್‌ಗೆ 1 ಪಾಲು ಆಯಿಲ್. ಮೇನ್ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹೋಗೋ ತೂತು) 175. ಒಂದು ಟ್ಯಾಂಕ್ ಖಾಲಿಯಾದರೂ ಹೊಗೆ ಇಳಿದಿಲ್ಲ. ನೀಲಿ ಬೆರೆತ ಬಿಳಿ ಹೊಗೆ. ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು ಥ್ರಾಟಲ್ ತಿರುವಿದರೆ ಬೈಕೇ ಕಾಣದಷ್ಟು ಬರುತ್ತೆ, ರೇಸ್ ಕೊಟ್ಟೇ ಓಡಿಸಿದರೆ ಕಮ್ಮಿ. ಪ್ಲಗ್ ಕಪ್ಪು, ಒದ್ದೆ. ಎಲ್ಲಿಂದ ಶುರು ಮಾಡಲಿ?

ಕಿಕ್‌ರಾಡ್:
ಹೊಸ ರಿಂಗ್ ಇನ್ನೂ ಕೂತಿಲ್ಲ, ಸಿಲಿಂಡರ್ ಗೋಡೆಗೆ ಸವೆದು ಹೊಂದಿಲ್ಲ. ಅಲ್ಲಿವರೆಗೆ ಆಯಿಲ್ ರಿಂಗ್ ದಾಟಿ ಮೇಲೆ ಬಂದು ಉರಿಯುತ್ತೆ. ಇನ್ನೆರಡು ಟ್ಯಾಂಕ್ ಓಡಿಸಿ, ತಾನಾಗಿ ನಿಲ್ಲುತ್ತೆ. ಸುಮ್ಮನೆ ಇಂಜಿನ್ ಬಿಚ್ಚಬೇಡಿ.

ಕ್ಲಚ್‌ಕಡೆ:
"ರಿಂಗ್ ದಾಟಿ ಮೇಲೆ ಬಂದು" ಅಂತೆ! ಇದು ಫೋರ್ ಸ್ಟ್ರೋಕ್ ಅಲ್ಲ ಸ್ವಾಮಿ. ಪಿಸ್ಟನ್ ಕೆಳಗೆ ಆಯಿಲ್ ಸಂಪ್ ಇಲ್ಲ, ಪಿಸ್ಟನ್ ಮೇಲೆ ಆಯಿಲ್ ಕಂಟ್ರೋಲ್ ರಿಂಗೂ ಇಲ್ಲ. ಟೂಟಿ ಪೆಟ್ರೋಲ್ ಜೊತೆಗೇ ಸಿಲಿಂಡರ್ ಗೋಡೆಯ ದಾರಿಯಿಂದ (ಟ್ರಾನ್ಸ್‌ಫರ್ ಪೋರ್ಟ್) ಮೇಲೆ ಬಂದೇ ಬರುತ್ತೆ, ರಿಂಗ್ ಕೂತಿರಲಿ ಬಿಡಲಿ. ರಿಂಗ್ ಸರಿಯಿಲ್ಲ ಅಂದ್ರೆ ಕಂಪ್ರೆಷನ್ ಬಿದ್ದು ಕಿಕ್ ಹಗುರ ಆಗುತ್ತೆ.

ಮಣ್ಣುದಾರಿ ಅವರೇ, ಐಡ್ಲಿಂಗ್ ಆದಮೇಲೆ ಒಂದೇ ಸಲ ಹೊಗೆ ಬರೋದು ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ (ಗೇರ್‌ಬಾಕ್ಸ್ ಆಯಿಲ್ ಕ್ರ್ಯಾಂಕ್‌ಕೇಸ್‌ಗೆ ಬರದಂತೆ ತಡೆಯೋದು) ಸೋರೋ ಲಕ್ಷಣ. ಥ್ರಾಟಲ್ ಮುಚ್ಚಿದಾಗ ಕ್ರ್ಯಾಂಕ್‌ಕೇಸ್‌ನ ವ್ಯಾಕ್ಯೂಮ್ ಜೋರಾಗಿ ಗೇರ್ ಆಯಿಲ್ ಎಳೆದುಕೊಳ್ಳುತ್ತೆ. ಮ್ಯಾಗ್ನೆಟ್ ಕಡೆ ಸೀಲ್ ಹೋದರೆ ಎಳೆಯೋದು ಬರೀ ಗಾಳಿ, ಆಗ ಹೊಗೆ ಬರಲ್ಲ, ರೇಸ್ ಕೆಳಗಿಳಿಯದೆ ನೇತಾಡುತ್ತೆ. ಗೇರ್ ಆಯಿಲ್ ಇಳಿಸಿ ಅಳೆದು ನೋಡಿ.

ಜೆಟ್‌ನಂಬರ್:
ಸೀಲ್ ಹೊಸದು ಅಂತ ಬರೆದಿದ್ದಾರಲ್ಲ, ಓದಿದ್ರಾ? ಕಣ್ಣಿಗೆ ಹೊಡೆಯೋದು 32:1. ಲೀಟರ್‌ಗೆ 31 ಮಿಲಿ ಸುರಿದರೆ ಹೊಗೆ ಬರದೆ ಇನ್ನೇನು? 50:1 ಮಾಡಿ, 20 ಮಿಲಿ ಸಾಕು. ಆಯಿಲ್ ಜಾಸ್ತಿ ಅಂದ್ರೆ ರಿಚ್, ರಿಚ್ ಅಂದ್ರೆ ಒದ್ದೆ ಪ್ಲಗ್.

ಫ್ಲೋಟ್‌ಪಿನ್:
"ಆಯಿಲ್ ಜಾಸ್ತಿ ಅಂದ್ರೆ ರಿಚ್". ಪೂರ್ತಿ ತಲೆಕೆಳಗು. ರಿಚ್, ಲೀನ್ ಅನ್ನೋದು ಪೆಟ್ರೋಲ್‌ಗೂ ಗಾಳಿಗೂ ಇರೋ ಲೆಕ್ಕ. ಅದೇ ಜೆಟ್‌ನಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಕಮ್ಮಿ ಹೋಗುತ್ತೆ. ಅಂದ್ರೆ ಲೀನ್.

ಜೆಟ್‌ನಂಬರ್:
ಹಾಗಾದ್ರೆ 20:1 ಹಾಕಿದವರ ಇಂಜಿನ್ ಎಲ್ಲ ಲೀನ್ ಆಗಿ ಸೀಜ್ ಆಗಬೇಕಿತ್ತು. ಆಗಿದೆಯಾ?

ಫ್ಲೋಟ್‌ಪಿನ್:
ಲೀನ್ ಆಗುತ್ತೆ ಅಂದೆ, ಲೂಬ್ರಿಕೇಶನ್ ಹೋಗುತ್ತೆ ಅಂದೆನಾ? 50:1ರಲ್ಲಿ ಪೆಟ್ರೋಲ್ 98.04%, 32:1ರಲ್ಲಿ 96.97%. ವ್ಯತ್ಯಾಸ ಒಂದು ಚಿಲ್ಲರೆ ಶೇಕಡಾ. ಆ ದಿಕ್ಕು ಲೀನ್ ಕಡೆಗೇ ಅನ್ನೋದು ಗಣಿತ, ಅಭಿಪ್ರಾಯ ಅಲ್ಲ.

ಕಿಕ್‌ರಾಡ್:
ಒಂದು ಶೇಕಡಾಕ್ಕೆ ಇಷ್ಟು ಗಲಾಟೆನಾ? ಕೀಹಿನ್ ಕಾರ್ಬ್ಯುರೇಟರ್‌ನ ಮೇನ್ ಜೆಟ್ 175 ತೆಗೆದು 172 ಹಾಕಿದರೇ ತೂತಿನ ವಿಸ್ತೀರ್ಣ ಸುಮಾರು 3.4% ಇಳಿಯುತ್ತೆ. ಗಾಳಿ 30 ಡಿಗ್ರಿಯಿಂದ 20ಕ್ಕೆ ಇಳಿದರೂ ಸಾಂದ್ರತೆ ಅಷ್ಟೇ ಏರುತ್ತೆ. ನಿಮ್ಮಿಬ್ಬರ ಲೆಕ್ಕ ಬೆಳಗ್ಗೆ ಮಧ್ಯಾಹ್ನದ ಹವೆಯಲ್ಲೇ ಕರಗಿಹೋಗುತ್ತೆ.

ಜೆಟ್‌ನಂಬರ್:
"ಕರಗಿಹೋಗುತ್ತೆ". ನೋಡಿ, ಅವರೇ ಒಪ್ಪಿದರು, ಲೀನ್ ಕಥೆಗೆ ಬೆಲೆ ಇಲ್ಲ ಅಂತ. ಕಾರ್ಬ್ಯುರೇಟರ್ ಇರೋ ಕೆಟಿಎಂ 300ರ ಮ್ಯಾನ್ಯುಯಲ್ ತೆಗೀರಿ, 60:1 ಇದೆ. ಕಂಪನಿಯ ಇಂಜಿನಿಯರ್‌ಗಳಿಗಿಂತ ನಿಮಗೆ ಜಾಸ್ತಿ ಗೊತ್ತಾ?

ಫ್ಲೋಟ್‌ಪಿನ್:
300ಕ್ಕೆ 60:1 ಇರೋದು ಕಂಡಿತು, ಅದೇ ಕಂಪನಿ 125ಕ್ಕೆ 40:1 ಹೇಳಿರೋದು ಕಾಣಲಿಲ್ಲ. ಕವಾಸಾಕಿ ಕೆಎಕ್ಸ್ 125ಕ್ಕೆ 32:1, ಯಮಹಾ ವೈಝಡ್ 125ಕ್ಕೆ 30:1. ಬೇಕಾದ ಪುಟ ಮಾತ್ರ ಓದೋದು ಚೆನ್ನಾಗಿ ಕಲಿತಿದ್ದೀರಿ. 125 ತಿರುಗೋ ಆರ್‌ಪಿಎಂಗೆ 50:1 ಹಾಕಿಸಿ ಕನೆಕ್ಟಿಂಗ್ ರಾಡ್ ಬುಡದ ಬಿಗ್ ಎಂಡ್ ಬೇರಿಂಗ್ ಹೋದರೆ ದುಡ್ಡು ನೀವು ಕೊಡ್ತೀರಾ?

ಜೆಟ್‌ನಂಬರ್:
ನಿಮ್ಮ ಆ ಮ್ಯಾನ್ಯುಯಲ್‌ಗಳು ಯಾವ ಕಾಲದವು? ಈಗಿನ ಫುಲ್ ಸಿಂಥೆಟಿಕ್ ಆಯಿಲ್‌ಗೆ ಹಳೇ ಅಳತೆ ಹಿಡ್ಕೊಂಡು ಕೂತರೆ ಸೈಲೆನ್ಸರ್ ತುದಿಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತೆ.

ಫ್ಲೋಟ್‌ಪಿನ್:
ತೊಟ್ಟಿಕ್ಕೋದು ಜೆಟ್ ದೊಡ್ಡದಾದಾಗ, ಇಲ್ಲಾ ಸವಾರ ಥ್ರಾಟಲ್ ತೆಗೆಯೋಕೆ ಹೆದರಿದಾಗ. ನಿಮ್ಮದು ಎರಡನೇದು ಇರಬೇಕು.

ಸೈಲೆನ್ಸರ್ ಹತ್ತಿ:
ಇಬ್ಬರೂ ಸ್ವಲ್ಪ ತಡೀರಿ. ಹಳೇ ಸೀಲ್ ಸೋರುತ್ತಿದ್ದಿದ್ದರೆ ಎಕ್ಸ್‌ಪಾನ್ಶನ್ ಚೇಂಬರ್ (ಸೈಲೆನ್ಸರ್ ಮುಂದಿನ ಉಬ್ಬಿದ ಎಕ್ಸಾಸ್ಟ್ ಪೈಪ್) ಒಳಗೆ ಎಣ್ಣೆ ನಿಂತಿರುತ್ತೆ, ಸೈಲೆನ್ಸರ್ ಪ್ಯಾಕಿಂಗ್ ನೆನೆದು ಮುದ್ದೆಯಾಗಿರುತ್ತೆ. ಒಳಗೆ ಹೊಸ ಇಂಜಿನ್ ಇದ್ದರೂ ಪೈಪ್ ಕಾದಾಗ ಅದು ಉರಿದು ಹೊಗೆ ಬರುತ್ತೆ. ಚೇಂಬರ್ ಬಿಚ್ಚಿ ತಲೆಕೆಳಗೆ ನಿಲ್ಲಿಸಿ, ಡಿಗ್ರೀಸರ್ ಹಾಕಿ ತೊಳೀರಿ. ಪ್ಯಾಕಿಂಗ್ ಬದಲಿಸಿ. ಪೆಟ್ರೋಲ್ ಟ್ಯಾಪ್ ತೆರೆದೇ ನಿಲ್ಲಿಸಿದ್ದರೆ ಕ್ರ್ಯಾಂಕ್‌ಕೇಸ್‌ನಲ್ಲಿ ಮಿಶ್ರಣ ತುಂಬಿರೋದೂ ಉಂಟು.

ಕೂಲೆಂಟ್ ಕ್ಯಾಪ್:
ಬಿಳಿ ಹೊಗೆ ಅಂದಿದ್ದಾರೆ. ಕೂಲೆಂಟ್ ಸಿಲಿಂಡರ್ ಒಳಗೆ ಸೋರದಂತೆ ತಡೆಯೋ ಹೆಡ್ ಓ-ರಿಂಗ್ ನೋಡಿದ್ರಾ ಯಾರಾದ್ರೂ? ರೇಡಿಯೇಟರ್ ನೀರು ಇಳೀತಿದೆಯಾ, ಹೊಗೆ ಸಿಹಿ ವಾಸನೆ ಇದೆಯಾ, ಪಿಸ್ಟನ್ ತಲೆಯ ಒಂದು ಭಾಗ ತೊಳೆದಂತೆ ಬೆಳ್ಳಗಿದೆಯಾ?

ಮಣ್ಣುದಾರಿ:
ನೀರು ಇಳಿದಿಲ್ಲ. ಹೊಗೆ ಸುಟ್ಟ ಎಣ್ಣೆ ವಾಸನೆ. ಚೇಂಬರ್ ತೊಳೆದಾಯ್ತು, ಪ್ಯಾಕಿಂಗ್ ಹೊಸದು, ಹೊಗೆ ಹಾಗೇ ಇದೆ. ಗೇರ್ ಆಯಿಲ್ 700 ಮಿಲಿ ಹಾಕಿದ್ದು, 690 ಬಂತು. ಆದರೆ ಅದು ಪೆಟ್ರೋಲ್ ವಾಸನೆ ಹೊಡೀತಿದೆ, ಮೊದಲಿಗಿಂತ ತೆಳ್ಳಗಾಗಿದೆ.

ಜೆಟ್‌ನಂಬರ್:
690! ಕೇಸಿನ ಗೋಡೆಗೆ ಅಂಟೋದೇ 10 ಮಿಲಿ ಇರುತ್ತೆ. ಸೀಲ್ ವಾದ ಇಲ್ಲಿಗೆ ಮುಗೀತು.

ಕ್ಲಚ್‌ಕಡೆ:
690 ಮಾತ್ರ ಓದಿದ್ರಿ, ಮುಂದಿನ ಸಾಲು ಬಿಟ್ರಿ. ಪೆಟ್ರೋಲ್ ಗೇರ್‌ಬಾಕ್ಸ್‌ಗೆ ಆಕಾಶದಿಂದ ಬಿತ್ತಾ? ಕ್ರ್ಯಾಂಕ್‌ಕೇಸ್ ಬರೀ ಎಳೆಯಲ್ಲ, ಪಿಸ್ಟನ್ ಕೆಳಗೆ ಬಂದಾಗ ಒತ್ತುತ್ತೆ ಕೂಡ. ಸೀಲ್ ಸೋರಿದರೆ ಆಯಿಲ್ ಆಚೆ ಹೋಗುತ್ತೆ, ಮಿಶ್ರಣ ಈಚೆ ಬರುತ್ತೆ, ಮಟ್ಟ ಹಾಗೇ ಕಾಣುತ್ತೆ.

ಒಂದು ಪ್ರೆಶರ್ ಟೆಸ್ಟ್ ಮಾಡಿ, ಈ ಜಗಳವೇ ಬೇಡ. ಕಾರ್ಬ್ ತೆಗೆದು ಇನ್‌ಟೇಕ್ ರಬ್ಬರ್‌ಗೆ ಬಿರಡೆ, ಎಕ್ಸಾಸ್ಟ್ ಪೋರ್ಟ್‌ಗೆ ಇನ್ನೊಂದು ಬಿರಡೆ ಹಾಕಿ ಕ್ಲಾಂಪ್ ಬಿಗಿ ಮಾಡಿ. ಪಿಸ್ಟನ್ ಪೂರ್ತಿ ಕೆಳಗಿರಲಿ. ಪ್ಲಗ್ ತೂತಿನ ಅಡಾಪ್ಟರ್‌ನಿಂದ ಕೈಪಂಪಲ್ಲಿ 6 ಪಿಎಸ್‌ಐ ಕೊಡಿ, ಅದಕ್ಕಿಂತ ಜಾಸ್ತಿ ಬೇಡ, ಒಳ್ಳೆ ಸೀಲೇ ಹೊರಗೆ ಜಾರಬಹುದು. ನಿಮಿಷಕ್ಕೆ 1 ಪಿಎಸ್‌ಐಗಿಂತ ಬೇಗ ಬಿದ್ದರೆ ಸೋರಿಕೆ ಇದೆ ಅಂತ ಅರ್ಥ. ಮೊದಲು ಬಿರಡೆಗಳ ಸುತ್ತ ಸೋಪು ನೀರು ಹಚ್ಚಿ, ಅರ್ಧ ಸುಳ್ಳು ರಿಪೋರ್ಟು ಅಲ್ಲೇ ಹುಟ್ಟೋದು. ಆಮೇಲೆ ಸಿಲಿಂಡರ್ ಬುಡ, ಪವರ್ ವಾಲ್ವ್ ಕವರ್, ಮ್ಯಾಗ್ನೆಟ್ ಕಡೆ. ಕೊನೆಗೆ ಗೇರ್‌ಬಾಕ್ಸ್‌ಗೆ ಗಾಳಿ ಆಡೋ ಬ್ರೀದರ್ ಪೈಪ್ ತುದಿಯನ್ನ ನೀರಿರೋ ಲೋಟಕ್ಕೆ ಇಳಿಬಿಡಿ. ಗುಳ್ಳೆ ಬಂದರೆ ಕ್ಲಚ್ ಕಡೆಯಿಂದ, ಇಲ್ಲಾ ಎರಡು ಕೇಸಿನ ನಡುವಿನ ಗ್ಯಾಸ್ಕೆಟ್‌ನಿಂದ ಸೋರ್ತಿದೆ. ಒತ್ತಡಕ್ಕೆ ತಡೆದು ಎಳೆತಕ್ಕೆ ಸೋರೋ ಸೀಲೂ ಇರುತ್ತೆ, ಹಾಗಾಗಿ ವ್ಯಾಕ್ಯೂಮ್‌ನಲ್ಲೂ ಒಮ್ಮೆ ನೋಡಿ.

ಕಿಕ್‌ರಾಡ್:
"ಕೈಪಂಪು, ಬಿರಡೆ, ಅಡಾಪ್ಟರ್". ಇಷ್ಟೆಲ್ಲ ಜೋಡಿಸೋ ಹೊತ್ತಿಗೆ ಎರಡು ಟ್ಯಾಂಕ್ ಓಡಿಸಿರಬಹುದಿತ್ತು. ರಿಂಗ್ ಕೂರುತ್ತಿತ್ತು.

ಮಣ್ಣುದಾರಿ:
6 ಪಿಎಸ್‌ಐ ಕೊಟ್ಟೆ, ಮುಳ್ಳು ಕಣ್ಣೆದುರೇ ಇಳೀತು. ಹೊರಗೆ ಎಲ್ಲೂ ಸೋಪು ನೊರೆ ಇಲ್ಲ. ಲೋಟದಲ್ಲಿ ಮಾತ್ರ ಎಡೆಬಿಡದೆ ಸಣ್ಣ ಗುಳ್ಳೆ. ಕ್ಲಚ್ ಕವರ್ ಬಿಚ್ಚಿ, ಪ್ರೈಮರಿ ಗೇರ್ ತೆಗೆದು ಸೀಲ್ ನೋಡಿದೆ. ಅದರ ರಬ್ಬರ್ ತುಟಿಗೆ ಏನೂ ಆಗಿಲ್ಲ, ಸ್ಪ್ರಿಂಗ್ ಇರೋ ಮುಖ ಕ್ರ್ಯಾಂಕ್ ಕಡೆಗೇ ಇದೆ.

ಕ್ಲಚ್‌ಕಡೆ:
ಹಾಗಾದರೆ ಕಾಲರ್. ಸೀಲ್ ತುಟಿ ಕೂರೋದು ಕ್ರ್ಯಾಂಕ್ ಮೇಲಲ್ಲ, ಅದರ ಮೇಲೆ ತೂರಿಸೋ ಕಾಲರ್ ಮೇಲೆ. ಕಾಲರ್‌ಗೂ ಕ್ರ್ಯಾಂಕ್‌ಗೂ ಮಧ್ಯೆ ಸಣ್ಣ ಓ-ರಿಂಗ್ ಇರುತ್ತೆ. ಅದು ಬಿಟ್ಟುಹೋಗಿದ್ದರೆ ಎಂಥ ಹೊಸ ಸೀಲ್ ಹಾಕಿದರೂ ಆಯಿಲ್ ಕಾಲರ್ ಒಳಗಿಂದ ಹರಿಯುತ್ತೆ. ಕಾಲರ್ ತೆಗೆದು ಹೊರಮೈಗೆ ಉಗುರು ಓಡಿಸಿ. ತುಟಿ ಉಜ್ಜಿದ ಗೆರೆ ಉಗುರಿಗೆ ಸಿಕ್ಕಿದರೆ ಕಾಲರೂ ಹೊಸದು ಹಾಕಿ.

ಮಣ್ಣುದಾರಿ:
ಓ-ರಿಂಗ್ ಇದೆ, ಆದರೆ ಚಪ್ಪಟೆಯಾಗಿ ಒಂದು ಕಡೆ ಕತ್ತರಿಸಿದೆ. ಕಾಲರ್ ಮೇಲೆ ಗೆರೆ ಉಗುರಿಗೆ ಸಿಗುತ್ತೆ. ಎರಡೂ ತರಿಸ್ತೀನಿ. ಹೇಗಿದ್ದರೂ ಬಿಚ್ಚಿದ್ದೀನಿ, ಸೀಲೂ ಬದಲಿಸಲಾ? ಅದಕ್ಕೆ ಇಂಜಿನ್ ಕೇಸ್ ಒಡೀಬೇಕಾ, ಅಂದ್ರೆ ಎರಡು ಭಾಗವಾಗಿ ಬಿಚ್ಚಬೇಕಾ?

ಜೆಟ್‌ನಂಬರ್:
ಅದೆಲ್ಲ ಹಾಕಿ, ಬೇಡ ಅನ್ನಲ್ಲ. 32:1 ಇರೋವರೆಗೆ ಹೊಗೆ ಇರುತ್ತೆ, ಬರೆದಿಟ್ಕೊಳ್ಳಿ.

ಫ್ಲೋಟ್‌ಪಿನ್:
ಬರೆದಿಟ್ಟೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಬರೋ ತೆಳು ಹೊಗೆ ತೋರಿಸಿ "ನೋಡಿದ್ರಾ" ಅನ್ನಬೇಡಿ ಆಮೇಲೆ.

ಕಿಕ್‌ರಾಡ್:
ಕೇಸ್ ಯಾಕೆ ಒಡೀತೀರಿ? ಸೀಲ್ ಮುಖಕ್ಕೆ ಎರಡು ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ ಎಳೆದರೆ ಬರುತ್ತೆ.

ಕ್ಲಚ್‌ಕಡೆ:
"ಕೊರೆದು" ಅಂತೆ. ಸೀಲ್ ಹಿಂದೆಯೇ ಮೇನ್ ಬೇರಿಂಗ್ ಇದೆ. ಡ್ರಿಲ್ ಬಿಟ್ ಒಂದು ಎಳೆ ಒಳಗೆ ಹೋದರೆ ಹೊಸ ಬೇರಿಂಗ್‌ಗೆ ಲೋಹದ ಚೂರು. ಮೊದಲು ಪಾರ್ಟ್ಸ್ ಡಯಾಗ್ರಾಂ ನೋಡಿ. ಕೆಲವು ಇಂಜಿನ್‌ನಲ್ಲಿ ಸೀಲ್‌ಗೆ ಒಳಗಡೆ ಅಂಚು ಇರುತ್ತೆ, ಹೊರಗಿಂದ ಬರೋದೇ ಇಲ್ಲ. ತುಟಿ ಚೆನ್ನಾಗಿದ್ದರೆ ಸೀಲ್ ಮುಟ್ಟಬೇಡಿ. ಓ-ರಿಂಗ್‌ಗೆ ಗ್ರೀಸ್ ಸವರಿ ಕಾಲರ್ ತೂರಿಸಿ, ಕವರ್ ಹಾಕೋ ಮುಂಚೆ ಅದೇ 6 ಪಿಎಸ್‌ಐ ಇನ್ನೊಮ್ಮೆ ಕೊಡಿ.

ಕಿಕ್‌ರಾಡ್:
ಬಿಟ್‌ಗೆ 2 ಮಿಮೀ ಬಿಟ್ಟು ಟೇಪ್ ಸುತ್ತಿದರೆ ಒಳಗೆ ಎಲ್ಲಿಂದ ಹೋಗುತ್ತೆ ರೀ?